ಅಂಗೈಯಗಲದ ಕಂಪ್ಯೂಟರಿಗೆ ಲಿನಕ್ಸ್: ಬೋರ್ಡ್ ಕೊಳ್ಳುವ ಮೊದಲೇ ಶುರುವಾಗುವ ಕೆಲಸ

ನನ್ನ ಬಳಿ ಎರಡು ಸಿಂಗಲ್ ಬೋರ್ಡ್ ಕಂಪ್ಯೂಟರುಗಳಿವೆ, ಅಂದರೆ ಇಡೀ ಕಂಪ್ಯೂಟರು ಒಂದೇ ಸರ್ಕ್ಯೂಟ್ ಹಲಗೆಯ ಮೇಲಿರುವಂಥವು. ಒಂದಕ್ಕೆ ಎಂಟು ಕೋರ್, 2 ಜಿಬಿ ರ‍್ಯಾಮ್, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ‘4ಕೆ’ ಎಂಬ ಬರಹ. ಇನ್ನೊಂದು 2015ರಲ್ಲಿ ಬಂದ ಆರೆಂಜ್ ಪೈ ಪಿಸಿ. ಅದರದು ನಾಲ್ಕು ಸಾಧಾರಣ ಕೋರ್, 1 ಜಿಬಿ ರ‍್ಯಾಮ್. ವೈ-ಫೈ ಕೂಡ ಇಲ್ಲ. ಮೊದಲನೆಯದು ಡ್ರಾಯರಿನಲ್ಲಿ ಮಲಗಿದೆ. ಎರಡನೆಯದು ರೂಟರಿನ ಪಕ್ಕ ಗೋಡೆಗೆ ಅಂಟಿಕೊಂಡು ಮನೆಯ ಕಡತಗಳನ್ನು ಕಾಯುತ್ತಿದೆ, ಈಗಲೂ ಹೊಸ ಕರ್ನಲ್ (ಯಂತ್ರವನ್ನು ನಡೆಸುವ ಲಿನಕ್ಸಿನ ತಿರುಳು) ಪಡೆಯುತ್ತಿದೆ.

ಡ್ರಾಯರಿನ ಬೋರ್ಡಿಗೆ ತಯಾರಕರು ಕೊಟ್ಟದ್ದು ಒಂದೇ ಒಂದು ಇಮೇಜ್, ಅಂದರೆ ಕಾರ್ಡಿಗೆ ಹಾಗೆಯೇ ಬರೆಯುವ ಸಿದ್ಧ ವ್ಯವಸ್ಥೆಯ ಕಡತ. ಅದರೊಳಗಿನ ಕರ್ನಲ್ 3.10, ಅಂದರೆ 2013ರಲ್ಲಿ ಬಿಡುಗಡೆಯಾದದ್ದು. ಆಂಡ್ರಾಯ್ಡಿಗೆಂದು ತಿದ್ದಿ, ಅದರ ಮೇಲೆ ಲಿನಕ್ಸನ್ನು ಹೊದಿಸಿದ್ದರು. ಆಮೇಲೆ ಅವರು ಅದರತ್ತ ತಿರುಗಿಯೂ ನೋಡಲಿಲ್ಲ. ತಯಾರಕರ ಹೆಸರು ಬೇಡ. ಎಂಟು ಕೋರ್ ಎಂದು ಎಣಿಸಿಕೊಂಡು ಹೋಗಿ ಮುಗ್ಗಿದ ಜೋಳ ತಂದವನು ನಾನೇ. ಈ ಲೇಖನದ ಹೆಚ್ಚಿನ ಭಾಗ ನೀವು ಅದೇ ಜೋಳ ತರದಿರಲೆಂದು ಬರೆದದ್ದು.

ಪಿಸಿಯಂತೆ ಏಕಿಲ್ಲ?

ಹಳೆಯ ಲ್ಯಾಪ್‌ಟಾಪಿಗೆ ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿ ಹಾಕಿದವರಿಗೆ ಒಂದು ನಂಬಿಕೆ ಇರುತ್ತದೆ: ಪೆನ್‌ಡ್ರೈವ್ ಚುಚ್ಚಿದರೆ ಆಯಿತು, ಎಲ್ಲ ಯಂತ್ರಕ್ಕೂ ಒಂದೇ ಇಮೇಜ್ ಸಾಕು. ಪಿಸಿಯಲ್ಲಿ ಇದು ನಿಜ. ಅಲ್ಲಿ ಬಯಾಸ್ ಅಥವಾ ಯುಇಎಫ್‌ಐ ಎಂಬ ಮಧ್ಯಸ್ಥ ಕುಳಿತು, ಯಂತ್ರದಲ್ಲಿ ಏನೇನಿದೆ ಎಂದು ಆಪರೇಟಿಂಗ್ ಸಿಸ್ಟಮ್‌ಗೆ ಪಟ್ಟಿ ಒಪ್ಪಿಸುತ್ತಾನೆ. ಸಣ್ಣ ಆರ್ಮ್ (ಮೊಬೈಲುಗಳಲ್ಲಿರುವ ಬಗೆಯ ಪ್ರೊಸೆಸರ್) ಬೋರ್ಡುಗಳಲ್ಲಿ ಹೆಚ್ಚಾಗಿ ಆ ಮಧ್ಯಸ್ಥನೇ ಇರುವುದಿಲ್ಲ. ಯಾವ ಪಿನ್ನಿನಲ್ಲಿ ಎಲ್‌ಇಡಿ ಇದೆ, ಎತರ್ನೆಟ್ ಚಿಪ್ಪಿಗೆ ವಿದ್ಯುತ್ ಎಲ್ಲಿಂದ ಹೋಗುತ್ತದೆ ಎಂದು ಕರ್ನಲ್‌ಗೆ ಯಾರಾದರೂ ಮೊದಲೇ ಬರೆದು ಕೊಟ್ಟಿರಬೇಕು.

ಒಂದು ಕಾಲದಲ್ಲಿ ಪ್ರತಿ ಬೋರ್ಡಿಗೂ ಕರ್ನಲ್ಲಿನೊಳಗೆ ಬೇರೆ ಬೇರೆ ಸಿ ಕಡತಗಳಿದ್ದವು. ಅದು ಸಂತೆಯಾಗಿ, 2011ರಲ್ಲಿ ಲಿನಕ್ಸಿನ ಜನಕ ಲೀನಸ್ ಟೊರ್ವಾಲ್ಡ್ಸ್ ಆರ್ಮ್ ಡೆವಲಪರುಗಳ ಮೇಲೆ ಸಿಡುಕಿದ್ದು ಆ ವಲಯದವರಿಗೆಲ್ಲ ನೆನಪಿದೆ. ಆಮೇಲೆ ನೆಲೆಯೂರಿದ್ದು ‘ಡಿವೈಸ್ ಟ್ರೀ’: ಬೋರ್ಡಿನ ವಿವರಗಳನ್ನು ಕರ್ನಲ್ಲಿನ ಕೋಡಿನಿಂದ ಹೊರಗೆಳೆದು, ಪ್ರತ್ಯೇಕ ಸಣ್ಣ ಕಡತದಲ್ಲಿ ಇಡುವ ಪದ್ಧತಿ. ಮನೆಯ ವೈರಿಂಗ್ ನಕ್ಷೆ ಇದ್ದ ಹಾಗೆ. ನಿಮ್ಮ ಮನೆಯ ನಕ್ಷೆ ಪಕ್ಕದ ಮನೆಗೆ ಆಗುವುದಿಲ್ಲ. ಒಂದೇ ಮೇಸ್ತ್ರಿ ಕಟ್ಟಿದ್ದರೂ ಆಗುವುದಿಲ್ಲ. ಒಂದೇ ಚಿಪ್ ಇರುವ ಎರಡು ಬೋರ್ಡುಗಳಿಗೆ ಬೇರೆ ಬೇರೆ ಇಮೇಜ್ ಬೇಕಾಗುವುದು ಇದೇ ಕಾರಣಕ್ಕೆ.

ಹಾಗಾಗಿ ಒಂದು ಬೋರ್ಡಿಗೆ ಲಿನಕ್ಸ್ ‘ಇದೆ’ ಎಂದು ಯಾರಾದರೂ ಹೇಳಿದರೆ ಮೂರು ಪ್ರಶ್ನೆ ಕೇಳಿ. ಬೂಟ್‌ಲೋಡರ್, ಅಂದರೆ ಕರ್ನಲನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್, ಮುಕ್ತವಾಗಿದೆಯೇ? ಡಿವೈಸ್ ಟ್ರೀ ಮುಖ್ಯ ಕರ್ನಲ್ಲಿಗೆ, ಅಂದರೆ ಮೈನ್‌ಲೈನಿಗೆ, ಸೇರಿದೆಯೇ? ಗ್ರಾಫಿಕ್ಸ್, ವೈ-ಫೈ ಡ್ರೈವರುಗಳೂ ಸೇರಿವೆಯೇ? ಮೊದಲೆರಡಕ್ಕೆ ಹೌದು ಎಂದಾದರೆ ತಯಾರಕರು ಅಂಗಡಿ ಮುಚ್ಚಿದರೂ ನಿಮ್ಮ ಬೋರ್ಡ್ ಬದುಕುತ್ತದೆ.

ಮೊದಲ ಹೆಜ್ಜೆ: ಹಣ ಕೊಡುವ ಮುನ್ನ ಅರ್ಧ ಗಂಟೆ

ಹೆಣ್ಣು ಗಂಡು ನೋಡುವಾಗ ಮನೆತನ ವಿಚಾರಿಸುವಂತೆ, ಬೋರ್ಡ್ ನೋಡುವಾಗ ಚಿಪ್ಪಿನ ಮನೆತನ ವಿಚಾರಿಸಿ. ನನ್ನ ಲೆಕ್ಕ ಹೀಗಿದೆ.

ಮೊದಲ ಸಲ ಕೊಳ್ಳುವವರಾದರೆ, ಶಾಲೆಗೋ ಮಕ್ಕಳಿಗೋ ಬೇಕಾದರೆ, ರಾಸ್ಪ್‌ಬೆರ್ರಿ ಪೈ ತೆಗೆದುಕೊಳ್ಳಿ, ಹೆಚ್ಚು ಯೋಚಿಸಬೇಡಿ. ಸ್ವಲ್ಪ ದುಬಾರಿ, ಹೌದು. ಆದರೆ 2012ರ ಮೊದಲ ಪೈಗೂ ಈಗಿನ ರಾಸ್ಪ್‌ಬೆರ್ರಿ ಪೈ ಓಎಸ್‌ನ 32 ಬಿಟ್ ಇಮೇಜ್ ಓಡುತ್ತದೆ. ಇದು ಸುಮ್ಮನೆ ಆದದ್ದಲ್ಲ. ಆ ಹಳೆಯ ಪೈಯ ಪ್ರೊಸೆಸರ್ ಆರ್ಮ್‌ವಿ6. ಡೆಬಿಯನ್ನಿನ ವೇಗದ ಆರ್ಮ್ ಆವೃತ್ತಿ (ಆರ್ಮ್‌ಎಚ್‌ಎಫ್) ಕೇಳುತ್ತಿದ್ದದ್ದು ಆರ್ಮ್‌ವಿ7. ಡೆಬಿಯನ್ನಿನ ಸಾವಿರಾರು ಪ್ಯಾಕೇಜುಗಳನ್ನು ಆ ಹಳೆಯ ಪ್ರೊಸೆಸರಿಗಾಗಿ ಮತ್ತೆ ಕಂಪೈಲ್ ಮಾಡಿ ‘ರಾಸ್ಪ್‌ಬಿಯನ್’ ಎಂದು ಹೊರತಂದವರು ಸ್ವಯಂಸೇವಕರು, ಅದೂ 2012ರಲ್ಲೇ. ಇಂದಿನ ಹೆಸರು ಬಂದದ್ದು 2020ರಲ್ಲಿ.

ಆಲ್‌ವಿನ್ನರ್, ರಾಕ್‌ಚಿಪ್, ಆಮ್‌ಲಾಜಿಕ್ ಚಿಪ್ಪುಗಳ ಬೋರ್ಡುಗಳಾದರೆ ದಾರಿ ಆರ್ಮ್‌ಬಿಯನ್ ಮೂಲಕ. ಇದು ಡೆಬಿಯನ್ ಅಥವಾ ಉಬುಂಟುವನ್ನೇ ತೆಗೆದುಕೊಂಡು, ಬೋರ್ಡಿಗೆ ತಕ್ಕ ಬೂಟ್‌ಲೋಡರ್ ಮತ್ತು ಕರ್ನಲ್ ಜೋಡಿಸಿ ಕೊಡುವ ಯೋಜನೆ. ಅಲ್ಲಿ ಬೋರ್ಡಿನ ಹೆಸರು ಹುಡುಕಿ, ಬೆಂಬಲದ ಮಟ್ಟ ಯಾವುದೆಂದು ನೋಡಿ. ‘ಸ್ಟ್ಯಾಂಡರ್ಡ್’ ಎಂದಿದ್ದರೆ ಆ ಬೋರ್ಡನ್ನು ನೋಡಿಕೊಳ್ಳಲು ಒಬ್ಬ ನಿರ್ವಾಹಕರಿದ್ದಾರೆ. ‘ಕಮ್ಯುನಿಟಿ’ ಎಂದಿದ್ದರೆ ಇಮೇಜ್ ತಾನಾಗಿ ತಯಾರಾಗಿರಬಹುದು, ಅದನ್ನು ಯಾರೂ ಓಡಿಸಿ ನೋಡಿರಲಿಕ್ಕಿಲ್ಲ. ಇನ್ನೂ ಒಳಹೊಕ್ಕು ನೋಡುವ ಅಭ್ಯಾಸ ಇದ್ದವರು ಅವರ ಮೂಲ ಕೋಡಿನಲ್ಲಿ ಬೋರ್ಡುಗಳ ಸಂರಚನಾ ಕಡತಗಳ ಬಾಲ ನೋಡಿ. ‘ಕಾನ್ಫ್’ ಎಂದಿದ್ದರೆ ಒಳ್ಳೆಯದು, ‘ಸಿಎಸ್‌ಸಿ’ ಎಂದರೆ ಸಮುದಾಯದ ಪಾಲಿಗೆ ಬಿಟ್ಟದ್ದು, ‘ಇಒಎಸ್’ ಎಂದರೆ ಬೆಂಬಲ ಮುಗಿದದ್ದು. ನಾನು ಮಾರಾಟಗಾರರ ಜಾಹೀರಾತಿಗಿಂತ ಈ ಪುಟ್ಟ ಬಾಲವನ್ನು ನಂಬುತ್ತೇನೆ.

ಗ್ರಾಫಿಕ್ಸ್ ಬೇಕಾದವರು ಒಂದು ಮಾತು ತಿಳಿದಿರಬೇಕು. ಮಾಲಿ ಗ್ರಾಫಿಕ್ಸ್ ಚಿಪ್ಪುಗಳಿಗೆ ವರ್ಷಗಟ್ಟಲೆ ಮುಕ್ತ ಡ್ರೈವರ್ ಇರಲಿಲ್ಲ. ಲಿಮಾ ಮತ್ತು ಪ್ಯಾನ್‌ಫ್ರಾಸ್ಟ್ ಎಂಬ ಎರಡು ಡ್ರೈವರುಗಳು 2019ರಲ್ಲಿ 5.2 ಕರ್ನಲ್ಲಿಗೆ ಸೇರಿದವು. ಆರ್‌ಕೆ3588 ಚಿಪ್ಪಿನ ಹೊಸ ಮಾಲಿಗೆ ಬೇಕಾದ ಪ್ಯಾಂಥರ್ ಬಂದದ್ದು 2024ರ 6.10ರಲ್ಲಿ. ಚಿಪ್ ಮಾರುಕಟ್ಟೆಗೆ ಬಂದ ದಿನವೇ ಬೋರ್ಡ್ ಕೊಂಡವರು ಇಷ್ಟು ಕಾಯಬೇಕಾಗುತ್ತದೆ. ಒಂದೆರಡು ವರ್ಷ ಹಳೆಯ ಚಿಪ್ ಕೊಳ್ಳುವುದು ಜಾಣತನ.

ಅಗ್ಗಕ್ಕೆ ಸಿಗುವ ಆಂಡ್ರಾಯ್ಡ್ ಟಿವಿ ಪೆಟ್ಟಿಗೆಗೆ ಲಿನಕ್ಸ್ ಹಾಕಬಹುದಲ್ಲವೇ ಎಂದು ಕೇಳುವವರು ಯಾವಾಗಲೂ ಇರುತ್ತಾರೆ. ಹಾಕಬಹುದು. ಆದರೆ ಹೊರಗೆ ಒಂದೇ ಹೆಸರು ಬರೆದ ಎರಡು ಪೆಟ್ಟಿಗೆಗಳ ಒಳಗೆ ಬೇರೆ ಬೇರೆ ವೈ-ಫೈ ಚಿಪ್ ಇರಬಹುದು. ಬಿಡುವಿನ ವಾರಗಳಿದ್ದರೆ ಮಾತ್ರ ಕೈ ಹಾಕಿ.

ಎರಡನೆಯ ಹೆಜ್ಜೆ: ಇಮೇಜಿನ ಹೆಸರನ್ನು ಓದುವುದು

ಆರ್ಮ್‌ಬಿಯನ್ ಕಡತದ ಹೆಸರು ರೈಲಿನಷ್ಟು ಉದ್ದ. ಅದರ ಪ್ರತಿ ಬೋಗಿಯಲ್ಲೂ ಮಾಹಿತಿ ಇದೆ. ಉದಾಹರಣೆಗೆ, ಆರೆಂಜ್ ಪೈ ಪಿಸಿಗೆ ಹೀಗೊಂದು ಹೆಸರು ಸಿಕ್ಕಿತು ಎಂದುಕೊಳ್ಳಿ:

ಆರ್ಮ್‌ಬಿಯನ್_24.5.1_ಆರೆಂಜ್‌ಪೈಪಿಸಿ_ಬುಕ್‌ವರ್ಮ್_ಕರೆಂಟ್_6.6.31_ಮಿನಿಮಲ್

24.5 ಎಂದರೆ 2024ರ ಮೇ ತಿಂಗಳ ಆವೃತ್ತಿ. ಮೂರನೆಯದು ಬೋರ್ಡ್. ಇಲ್ಲಿ ಒಂದಕ್ಷರ ತಪ್ಪಬಾರದು, ‘ಆರೆಂಜ್‌ಪೈಪಿಸಿ’ ಬೇರೆ, ‘ಆರೆಂಜ್‌ಪೈಪಿಸಿಪ್ಲಸ್’ ಬೇರೆ. ಬುಕ್‌ವರ್ಮ್ ಎಂದರೆ ಡೆಬಿಯನ್ 12. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರ ಹೆಸರು ಟ್ರಿಕ್ಸಿ. ಮುಂದಿನ ಬೋಗಿಯೇ ಮುಖ್ಯವಾದದ್ದು: ‘ಕರೆಂಟ್’ ಎಂದರೆ ಮೈನ್‌ಲೈನ್ ಆಧಾರಿತ ಸ್ಥಿರ ಕರ್ನಲ್, ‘ಎಡ್ಜ್’ ಎಂದರೆ ತೀರ ಹೊಸದು, ‘ವೆಂಡರ್’ ಅಥವಾ ‘ಲೆಗಸಿ’ ಎಂದರೆ ಚಿಪ್ ಕಂಪನಿಯ ಹಳೆಯ ಕರ್ನಲ್. ಸರ್ವರಾಗಿ ಬಳಸುವವರು ಕಣ್ಣು ಮುಚ್ಚಿ ‘ಕರೆಂಟ್’ ಆರಿಸಬಹುದು. ಕ್ಯಾಮೆರಾ, ವಿಡಿಯೊ ಡಿಕೋಡಿಂಗ್‌ನಂಥ ಸೌಲಭ್ಯಗಳು ಹೊಸ ಚಿಪ್ಪುಗಳಲ್ಲಿ ಕೆಲವೊಮ್ಮೆ ‘ವೆಂಡರ್’ನಲ್ಲಿ ಮಾತ್ರ ಸರಿಯಾಗಿ ಓಡುತ್ತವೆ. ಆಗ ಬೇರೆ ದಾರಿ ಇಲ್ಲ, ತಿಳಿದುಕೊಂಡೇ ಒಪ್ಪಿಕೊಳ್ಳಿ. ‘ಮಿನಿಮಲ್’ ಎಂದರೆ ಡೆಸ್ಕ್‌ಟಾಪ್ ಇಲ್ಲದ ಬರಿಯ ಅಸ್ಥಿಪಂಜರ. 1 ಜಿಬಿ ರ‍್ಯಾಮಿಗೆ ಅದೇ ಸರಿ.

ಕಡತದ ಜೊತೆ ಅದರ ಶಾ-256 ಮೊತ್ತವನ್ನೂ (ಕಡತ ಕೆಡದೆ ಬಂದಿದೆಯೇ ಎಂದು ತಿಳಿಸುವ ಸಂಕೇತ) ಇಳಿಸಿಕೊಳ್ಳಿ. ಲಿನಕ್ಸಿನಲ್ಲಿ ಶಾ256ಸಮ್, ವಿಂಡೋಸಿನಲ್ಲಿ ಸರ್ಟ್‌ಯುಟಿಲ್ ಬಳಸಿ ಎರಡನ್ನೂ ಹೋಲಿಸಿ. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸಿದ ಕಡತಗಳು ಕೊನೆಯಲ್ಲಿ ಮುರಿದುಕೊಳ್ಳುವುದು ಸಾಮಾನ್ಯ. ಮೊತ್ತ ಹೋಲಿಸಲು ಹಿಡಿಯುವುದು ಅರ್ಧ ನಿಮಿಷ. ಹೋಲಿಸದಿದ್ದರೆ ಸಂಜೆಯೆಲ್ಲ ಬೋರ್ಡಿನ ಮೇಲೆ ಅನುಮಾನ ಪಡುತ್ತ ಕೂರುತ್ತೀರಿ.

ಬಿಎಸ್‌ಡಿ (ಲಿನಕ್ಸಿನಂಥದೇ ಬೇರೊಂದು ಯುನಿಕ್ಸ್ ಬಳಗ) ಪ್ರಿಯರಿಗೆ ಒಂದು ಮಾತು: ನೆಟ್‌ಬಿಎಸ್‌ಡಿ, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರೂ ಕೆಲವು ಬೋರ್ಡುಗಳಲ್ಲಿ ಓಡುತ್ತವೆ, ನೆಟ್‌ಬಿಎಸ್‌ಡಿ ಆಲ್‌ವಿನ್ನರ್ ಬೋರ್ಡುಗಳಲ್ಲಿಯೂ. ಮೊದಲ ಬೋರ್ಡಿಗೆ ಇವನ್ನು ಹಾಕಬೇಡಿ, ಎರಡನೆಯದಕ್ಕೆ ಹಾಕಿ.

ಮೂರನೆಯ ಹೆಜ್ಜೆ: ಕಾರ್ಡ್ ಮತ್ತು ವಿದ್ಯುತ್

ಬೋರ್ಡ್ ಕೆಟ್ಟಿದೆ ಎಂದು ನನ್ನ ಬಳಿ ತಂದವರಲ್ಲಿ ಬಹುಪಾಲು ಜನರ ಬೋರ್ಡ್ ಸರಿಯಾಗಿಯೇ ಇತ್ತು. ಕೆಟ್ಟದ್ದು ಕಾರ್ಡ್ ಅಥವಾ ಅಡಾಪ್ಟರ್.

ಮೈಕ್ರೊಎಸ್‌ಡಿ ಕಾರ್ಡಿನಲ್ಲಿ ನಕಲಿಗಳ ಹಾವಳಿ ಹೆಚ್ಚು. 64 ಜಿಬಿ ಎಂದು ಹೇಳಿಕೊಳ್ಳುವ ಕಾರ್ಡ್ ಒಳಗೆ 8 ಜಿಬಿ ಇದ್ದು, ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತ ಹೋಗುತ್ತದೆ. ಹೊಸ ಕಾರ್ಡ್ ತಂದ ಕೂಡಲೇ ಲಿನಕ್ಸಿನಲ್ಲಿ ಎಫ್3, ವಿಂಡೋಸಿನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ ಓಡಿಸಿ ಪೂರ್ತಿ ತುಂಬಿಸಿ ಪರೀಕ್ಷಿಸಿ. ಕಾರ್ಡಿನ ಮೇಲೆ ‘ಎ1’ ಗುರುತು ಇದ್ದರೆ ಸಣ್ಣ ಸಣ್ಣ ಕಡತಗಳ ಓದು-ಬರಹಕ್ಕೆ ಒಳ್ಳೆಯದು.

ಬರೆಯುವುದಕ್ಕೆ ಬಲೇನಾ ಎಚರ್ ಸಾಕು. ರಾಸ್ಪ್‌ಬೆರ್ರಿ ಪೈಗಾದರೆ ಅವರದೇ ಇಮೇಜರ್ ಉತ್ತಮ. ಎಚರ್‌ಗೆ ಎಕ್ಸ್‌ಝಡ್ ಕಡತವನ್ನು ಬಿಚ್ಚದೆ ಹಾಗೆಯೇ ಕೊಡಬಹುದು. ಇಮೇಜನ್ನು ಕಾರ್ಡಿಗೆ ‘ಕಾಪಿ’ ಮಾಡುವ ತಪ್ಪು ಮಾತ್ರ ಮಾಡಬೇಡಿ. ಆಲ್‌ವಿನ್ನರ್ ಚಿಪ್ ಎಚ್ಚರವಾದಾಗ ಯಾವ ಕಡತವನ್ನೂ ಹುಡುಕುವುದಿಲ್ಲ. ಕಾರ್ಡಿನ ಮೊದಲಿಂದ 8 ಕೆಬಿ ಎಣಿಸಿ, ಅಲ್ಲಿ ಬೂಟ್‌ಲೋಡರ್ ಇದೆಯೇ ಎಂದು ನೋಡುತ್ತದೆ. ರಾಕ್‌ಚಿಪ್ 32 ಕೆಬಿ ಎಣಿಸುತ್ತದೆ. ಆ ಜಾಗ ಯಾವ ಫೋಲ್ಡರಿನಲ್ಲೂ ಕಾಣುವುದಿಲ್ಲ. ಟರ್ಮಿನಲ್ಲಿನಲ್ಲಿ ಡಿಡಿ ಬಳಸುವವರು ಡಿಸ್ಕಿನ ಹೆಸರನ್ನು ಎರಡು ಸಲ ಓದಿ. ನಾನು ಒಂದು ಸಲ ಮಾತ್ರ ಓದಿ, ಪಕ್ಕದಲ್ಲಿದ್ದ ಪೆನ್‌ಡ್ರೈವಿನ ಮದುವೆ ಫೋಟೊಗಳ ಮೇಲೆ ಡೆಬಿಯನ್ ಬರೆದಿದ್ದೇನೆ.

ಈಗ ವಿದ್ಯುತ್. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್, ಪೈ 5ಕ್ಕೆ 5 ವೋಲ್ಟ್ 5 ಆಂಪಿಯರ್ ಅಡಾಪ್ಟರನ್ನು ತಯಾರಕರೇ ಹೇಳುತ್ತಾರೆ. ಹಳೆಯ ಮೊಬೈಲ್ ಚಾರ್ಜರಿನಲ್ಲೂ ಬೂಟ್ ಆಗುತ್ತದೆ. ಹಾರ್ಡ್‌ಡಿಸ್ಕ್ ಸಿಕ್ಕಿಸಿದಾಗ ಕುಸಿಯುತ್ತದೆ. ಪೈಯಲ್ಲಿ ವೋಲ್ಟೇಜ್ 4.63ಕ್ಕಿಂತ ಇಳಿದರೆ ಪರದೆಯ ಮೂಲೆಯಲ್ಲಿ ಮಿಂಚಿನ ಗುರುತು ಬರುತ್ತದೆ. ಪರದೆ ಇಲ್ಲದವರು ವಿಸಿಜೆನ್‌ಕಮಾಂಡಿಗೆ ‘ಗೆಟ್_ಥ್ರಾಟಲ್ಡ್’ ಎಂದು ಕೇಳಿದರೆ ಉತ್ತರ 0x0 ಬರಬೇಕು. 0x50000 ಬಂದರೆ ಈಗ ಸರಿ ಇದೆ, ಆದರೆ ಬೂಟ್ ಆದ ಮೇಲೆ ಎಂದೋ ವಿದ್ಯುತ್ ಕುಸಿದಿತ್ತು ಎಂದರ್ಥ. ದೋಷ ಎಷ್ಟೋ ಸಲ ಅಡಾಪ್ಟರಿನದ್ದಲ್ಲ, ತೆಳು ತಂತಿಯ ಕೇಬಲ್ಲಿನದು.

ಆರೆಂಜ್ ಪೈ ಪಿಸಿಗೆ ಮೈಕ್ರೊ ಯುಎಸ್‌ಬಿ ರಂಧ್ರ ಇದೆ, ಆದರೆ ಅದರಿಂದ ವಿದ್ಯುತ್ ತೆಗೆದುಕೊಳ್ಳುವುದಿಲ್ಲ. ಪಕ್ಕದ ದುಂಡನೆಯ ಡಿಸಿ ರಂಧ್ರಕ್ಕೇ 5 ವೋಲ್ಟ್ ಕೊಡಬೇಕು. ಇನ್ನೊಂದು ವಿಚಿತ್ರ: ಕಾರ್ಡ್ ಇಲ್ಲದೆ ವಿದ್ಯುತ್ ಕೊಟ್ಟರೆ ಅದರಲ್ಲಿ ದೀಪವೇ ಹೊತ್ತುವುದಿಲ್ಲ. ಸತ್ತಿದೆ ಎಂದುಕೊಂಡು ಮರಳಿಸಬೇಡಿ.

ನಾಲ್ಕನೆಯ ಹೆಜ್ಜೆ: ಮೊದಲ ಬೂಟ್, ಮೂರು ತಂತಿಗಳ ಸಾಕ್ಷಿ

ಪರದೆ, ಕೀಬೋರ್ಡ್ ಇಲ್ಲದೆಯೂ ಶುರು ಮಾಡಬಹುದು. ರಾಸ್ಪ್‌ಬೆರ್ರಿ ಪೈ ಇಮೇಜರಿನಲ್ಲಿ ಬರೆಯುವ ಮೊದಲೇ ಬಳಕೆದಾರರ ಹೆಸರು, ಗುಪ್ತಪದ, ವೈ-ಫೈ ವಿವರ, ದೇಶ ತುಂಬಿಸಿ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಟರ್ಮಿನಲ್ ಮೂಲಕ ಒಳಹೋಗುವ ದಾರಿ) ಚಾಲೂ ಮಾಡಿ. ಹಳೆಯ ಪುಸ್ತಕಗಳಲ್ಲಿ ಬರುವ ‘ಪೈ’ ಎಂಬ ಹೆಸರು, ‘ರಾಸ್ಪ್‌ಬೆರ್ರಿ’ ಎಂಬ ಗುಪ್ತಪದ 2022ರ ಏಪ್ರಿಲಿನಿಂದ ಇಲ್ಲ. ಆರ್ಮ್‌ಬಿಯನ್ನಿನಲ್ಲಿ ಎತರ್ನೆಟ್ ಕೇಬಲ್ ಚುಚ್ಚಿ, ರೂಟರಿನ ಪುಟದಲ್ಲಿ ಹೊಸ ಐಪಿ ವಿಳಾಸ ನೋಡಿ, ‘ರೂಟ್’ ಆಗಿ 1234 ಕೊಟ್ಟು ಒಳಹೋಗಿ. ಕೂಡಲೇ ಹೊಸ ಗುಪ್ತಪದ ಕೇಳುತ್ತದೆ, ಹೊಸ ಬಳಕೆದಾರನನ್ನು ಸೃಷ್ಟಿಸುತ್ತದೆ. ಮೊದಲ ಬೂಟ್ ತಡವಾಗುತ್ತದೆ, ಕಾರ್ಡಿನ ಪೂರ್ತಿ ಜಾಗಕ್ಕೆ ಹಿಗ್ಗುತ್ತಿರುತ್ತದೆ. ನಡುವೆ ಪ್ಲಗ್ ಕೀಳಬೇಡಿ.

ಐಪಿ ವಿಳಾಸ ಬರಲೇ ಇಲ್ಲವೇ? ಹಾಗಾದರೆ ಊಹೆ ಬಿಟ್ಟು, ಬೋರ್ಡ್ ಏಳುವಾಗ ಹೇಳುವುದನ್ನು ತಂತಿಯ ಮೂಲಕ ಲ್ಯಾಪ್‌ಟಾಪಿಗೆ ತರುವ ಸೀರಿಯಲ್ ಕನ್ಸೋಲ್ ಹಾಕಿ. ಇದಕ್ಕೆ ಬೇಕಾದ ಯುಎಸ್‌ಬಿ-ಟಿಟಿಎಲ್ ಅಡಾಪ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಒಂದು ಮಸಾಲೆ ದೋಸೆ-ಕಾಫಿಯ ಆಸುಪಾಸಿನ ಬೆಲೆಗೆ ಸಿಗುತ್ತದೆ. ಅದರ ಜಂಪರ್ 3.3 ವೋಲ್ಟಿನಲ್ಲಿರಲಿ, 5 ವೋಲ್ಟ್ ಕೊಟ್ಟರೆ ಚಿಪ್ ಸುಡಬಹುದು. ಮೂರೇ ತಂತಿ: ಗ್ರೌಂಡಿಗೆ ಗ್ರೌಂಡ್, ಅಡಾಪ್ಟರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ಆರ್‌ಎಕ್ಸ್ ಟಿಎಕ್ಸ್‌ಗೆ. ಆರೆಂಜ್ ಪೈ ಪಿಸಿಯಲ್ಲಿ ಇದಕ್ಕೆಂದೇ ಮೂರು ಪಿನ್ನುಗಳು ಪ್ರತ್ಯೇಕವಾಗಿ ನಿಂತಿವೆ. ರಾಸ್ಪ್‌ಬೆರ್ರಿ ಪೈಯ 40 ಪಿನ್ನುಗಳಲ್ಲಿ 6 ಗ್ರೌಂಡ್, 8 ಟಿಎಕ್ಸ್, 10 ಆರ್‌ಎಕ್ಸ್; ಅಲ್ಲಿ ಸೀರಿಯಲನ್ನು ಮೊದಲು ಸಂರಚನೆಯಲ್ಲಿ ಚಾಲೂ ಮಾಡಿರಬೇಕು. ವೇಗ 115200. ರಾಕ್‌ಚಿಪ್ ಬೋರ್ಡುಗಳಲ್ಲಿ ಹೆಚ್ಚಾಗಿ 1500000, ಹಾಗಾಗಿ ಕಸಕಡ್ಡಿ ಅಕ್ಷರಗಳು ಬಂದರೆ ಮೊದಲು ವೇಗ ಬದಲಿಸಿ.

ಈಗ ವಿದ್ಯುತ್ ಕೊಡಿ. ಏನೂ ಬರಲಿಲ್ಲವೆಂದರೆ ಕಾರ್ಡ್ ಸರಿಯಾಗಿ ಬರೆದಿಲ್ಲ, ಅಥವಾ ಟಿಎಕ್ಸ್-ಆರ್‌ಎಕ್ಸ್ ಅದಲುಬದಲಾಗಿದೆ. ಬೂಟ್‌ಲೋಡರಾದ ಯು-ಬೂಟಿನ ಸಾಲುಗಳು ಬಂದು, ರ‍್ಯಾಮ್ ಎಷ್ಟಿದೆ ಎಂದು ಹೇಳಿ, ‘ಸ್ಟಾರ್ಟಿಂಗ್ ಕರ್ನಲ್’ ಎಂದು ಬರೆದು ಅಲ್ಲಿಗೇ ನಿಂತರೆ ಕಾರ್ಡು, ಬೂಟ್‌ಲೋಡರ್ ಎರಡೂ ನಿರಪರಾಧಿಗಳು. ತಪ್ಪು ಬೋರ್ಡಿನ ಡಿವೈಸ್ ಟ್ರೀ ಹೋಗಿದೆ, ಇಲ್ಲವೇ ಕರ್ನಲ್‌ಗೆ ಸೀರಿಯಲ್ಲಿನಲ್ಲಿ ಮಾತಾಡು ಎಂದು ಯಾರೂ ಹೇಳಿಲ್ಲ. ಕರ್ನಲ್ಲಿನ ಸಾಲುಗಳೂ ಓಡಿ, ರೂಟ್ ಫೈಲ್‌ಸಿಸ್ಟಮ್ ಸಿಗಲಿಲ್ಲ ಎಂದು ಗೋಳಾಡಿದರೆ ಮತ್ತೆ ಕಾರ್ಡಿನತ್ತ ತಿರುಗಿ. ನೆರವು ಕೇಳುವಾಗ ‘ಬೂಟ್ ಆಗುತ್ತಿಲ್ಲ’ ಎಂದು ಬರೆದರೆ ಯಾರೂ ಉತ್ತರಿಸುವುದಿಲ್ಲ. ಈ ಸೀರಿಯಲ್ ಸಾಲುಗಳನ್ನು ಹಾಕಿ, ಬೋರ್ಡಿನ ಪೂರ್ತಿ ಹೆಸರು, ಇಮೇಜಿನ ಪೂರ್ತಿ ಹೆಸರು ಕೊಡಿ. ನೋಡುವವರು ಸಂಬಳವಿಲ್ಲದೆ ನೋಡುತ್ತಿದ್ದಾರೆ.

ಐದನೆಯ ಹೆಜ್ಜೆ: ಕರೆಂಟು ಹೋಗುವ ಊರಿಗೆ ಹೊಂದಿಸುವುದು

ಈ ಬೋರ್ಡುಗಳನ್ನು ವಿನ್ಯಾಸ ಮಾಡಿದವರು ನಮ್ಮ ಮಳೆಗಾಲವನ್ನು ನೋಡಿರಲಿಕ್ಕಿಲ್ಲ. ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಕಡೆ ಎರಡು ತೊಂದರೆ ಬರುತ್ತವೆ.

ಒಂದು, ಗಡಿಯಾರ. ಪೈ 4ರವರೆಗಿನ ಯಾವ ಪೈಗೂ ಬ್ಯಾಟರಿಯ ಗಡಿಯಾರ ಇಲ್ಲ. ಪೈ 5ರಲ್ಲಿ ಗಡಿಯಾರ ಇದೆ, ಬ್ಯಾಟರಿ ಬೇರೆ ಕೊಳ್ಳಬೇಕು. ಕರೆಂಟು ಬಂದು ಬೋರ್ಡ್ ಎದ್ದಾಗ ಇಂಟರ್ನೆಟ್ ಇನ್ನೂ ಬಂದಿರದಿದ್ದರೆ ಅದು ಹಿಂದಿನ ಯಾವುದೋ ಸಮಯದಲ್ಲೇ ಬದುಕುತ್ತಿರುತ್ತದೆ. ತೋಟದಲ್ಲಿ ನೀರಿನ ಮೋಟರಿನ ದಾಖಲೆ ಇಡುವ ಬೋರ್ಡಾದರೆ ದಾಖಲೆಯೆಲ್ಲ ಸುಳ್ಳು. ಡಿಎಸ್3231 ಎಂಬ ಸಣ್ಣ ಗಡಿಯಾರದ ಮಾಡ್ಯೂಲನ್ನು ಐ2ಸಿ ಪಿನ್ನುಗಳಿಗೆ ಸೇರಿಸಿ, ಅದಕ್ಕೆ ಹೊಂದುವ ಡಿವೈಸ್ ಟ್ರೀ ಓವರ್‌ಲೇ (ಆ ನಕ್ಷೆಗೆ ಸೇರಿಸುವ ತುಣುಕು) ಚಾಲೂ ಮಾಡಿ. ರಾಸ್ಪ್‌ಬೆರ್ರಿ ಪೈಯಲ್ಲಿ ಅದು ಸಂರಚನಾ ಕಡತದ ಒಂದೇ ಸಾಲು. ಬುಕ್‌ವರ್ಮ್‌ನಿಂದ ಈಚೆಗೆ ಆ ಕಡತ ‘ಬೂಟ್’ ಒಳಗಿನ ‘ಫರ್ಮ್‌ವೇರ್’ ಫೋಲ್ಡರಿನಲ್ಲಿದೆ. ಮಾಡ್ಯೂಲಿಗೆ 3.3 ವೋಲ್ಟ್ ಪಿನ್ನಿನಿಂದಲೇ ವಿದ್ಯುತ್ ಕೊಡಿ.

ಎರಡು, ಕಾರ್ಡು. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಫೈಲ್‌ಸಿಸ್ಟಮ್ ಕೆಡುತ್ತದೆ. ಆರ್ಮ್‌ಬಿಯನ್ ಲಾಗ್‌ಗಳನ್ನು ರ‍್ಯಾಮಿನಲ್ಲಿಟ್ಟು ಆಗಾಗ ಮಾತ್ರ ಕಾರ್ಡಿಗೆ ಇಳಿಸುತ್ತದೆ. ಕಾರ್ಡಿನ ಆಯುಷ್ಯ ಹೆಚ್ಚುತ್ತದೆ, ಆದರೆ ದಿಢೀರನೆ ಕರೆಂಟು ಹೋದಾಗ ಅದಕ್ಕೆ ಮುಂಚಿನ ಲಾಗ್ ಸಿಗುವುದಿಲ್ಲ. ರಾಸ್ಪ್‌ಬೆರ್ರಿ ಪೈ ಓಎಸ್‌ನ ಸಂರಚನಾ ಮೆನುವಿನಲ್ಲಿ ‘ಓವರ್‌ಲೇ ಫೈಲ್ ಸಿಸ್ಟಮ್’ ಎಂಬ ಆಯ್ಕೆ ಇದೆ. ಕಾರ್ಡಿಗೆ ಏನನ್ನೂ ಬರೆಯದಂತೆ ಬೀಗ ಹಾಕುತ್ತದೆ. ಶಾಲೆಯ ಪ್ರದರ್ಶನಕ್ಕೆ, ಸೂಚನಾ ಪರದೆಗೆ ಇದಕ್ಕಿಂತ ಒಳ್ಳೆಯದಿಲ್ಲ.

ಆರನೆಯ ಹೆಜ್ಜೆ: ಕನ್ನಡ

ಇದು ಸಲೀಸು. ಡೆಬಿಯನ್ ಬುನಾದಿಯ ಯಾವುದೇ ವ್ಯವಸ್ಥೆಯಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟುಗಳು ಪ್ಯಾಕೇಜುಗಳಾಗಿಯೇ ಇವೆ. ಟೈಪಿಂಗಿಗೆ ಬೇಕಾದ ಐಬಸ್ ತಂತ್ರಾಂಶದ ಜೊತೆ ಎಂ17ಎನ್ ಹಾಕಿದರೆ ಕೆಜಿಪಿ, ಇನ್‌ಸ್ಕ್ರಿಪ್ಟ್ ಎರಡೂ ಕೀಲಿಮಣೆ ವಿನ್ಯಾಸ ಸಿಗುತ್ತವೆ. ಮುದ್ರಿತ ಪುಟವನ್ನು ಓದಿಸಲು ಟೆಸರಾಕ್ಟಿನ ಕನ್ನಡ ದತ್ತಾಂಶವೂ ಇದೆ. ಪೈ 4ರಲ್ಲಿ ನಿಧಾನ, ಆದರೆ ಓಡುತ್ತದೆ. ಡೆಸ್ಕ್‌ಟಾಪ್ ಇಲ್ಲದ ಕಪ್ಪು ಕನ್ಸೋಲಿನಲ್ಲಿ ಮಾತ್ರ ಕನ್ನಡ ನಿರೀಕ್ಷಿಸಬೇಡಿ. ಅದರ ಫಾಂಟಿಗೆ ಹಿಡಿಸುವುದೇ 512 ಚಿತ್ರಗಳು, ಒತ್ತಕ್ಷರ ಜೋಡಿಸುವ ಶಕ್ತಿ ಅದಕ್ಕಿಲ್ಲ. ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಹೋದರೆ ಅಕ್ಷರ ಬಿಡಿಸುವುದು ಲ್ಯಾಪ್‌ಟಾಪಾದ್ದರಿಂದ ಆ ಚಿಂತೆ ಇಲ್ಲ.

ಆಮೇಲೆ

ಭದ್ರತಾ ಅಪ್‌ಡೇಟುಗಳನ್ನು ತಪ್ಪದೆ ಹಾಕಿ. ಕರ್ನಲ್ ವಿಷಯದಲ್ಲಿ ಮಾತ್ರ ತುಸು ನಿಧಾನಿಸಿ. ಆರ್ಮ್‌ಬಿಯನ್ನಿನ ಸಂರಚನಾ ಮೆನುವಿನಲ್ಲಿ ಕರ್ನಲನ್ನು ‘ಫ್ರೀಜ್’ ಮಾಡುವ ಆಯ್ಕೆ ಇದೆ. ಕೈಗೆಟುಕದ ಜಾಗದಲ್ಲಿ, ಅಂದರೆ ಊರಿನ ಮನೆಯ ಅಟ್ಟದ ಮೇಲೋ ಪಂಪ್‌ಹೌಸಿನಲ್ಲೋ ಇರುವ ಬೋರ್ಡಿಗೆ ನಾನು ಅದನ್ನು ಹಾಕಿಯೇ ಇಡುತ್ತೇನೆ. ಅಲ್ಲಿಗೆ ಹೋದಾಗ ಬಿಚ್ಚಿ, ಅಪ್‌ಡೇಟ್ ಮಾಡಿ, ಎರಡು ಸಲ ರೀಬೂಟ್ ಮಾಡಿ ನೋಡಿ, ಮತ್ತೆ ಬಿಗಿಯುತ್ತೇನೆ. ಬುಕ್‌ವರ್ಮ್‌ನಿಂದ ಟ್ರಿಕ್ಸಿಯಂಥ ದೊಡ್ಡ ಜಿಗಿತವನ್ನು ಓಡುತ್ತಿರುವ ಕಾರ್ಡಿನ ಮೇಲೆ ಮಾಡುವುದಿಲ್ಲ. ಹೊಸ ಕಾರ್ಡಿನಲ್ಲಿ ಹೊಸ ಇಮೇಜ್ ಬರೆದು, ಬೇಕಾದ ಕಡತಗಳನ್ನಷ್ಟೇ ಸಾಗಿಸುತ್ತೇನೆ.

ಹಳೆಯ ಕಾರ್ಡನ್ನು ಅಳಿಸುವುದಿಲ್ಲ. ಅದರ ಮೇಲೆ ಅಂಟುಪಟ್ಟಿ ಹಚ್ಚಿ, ಬೋರ್ಡಿನ ಹೆಸರು ಮತ್ತು ದಿನಾಂಕ ಬರೆದು, ಆ ಬೋರ್ಡಿನ ಡಬ್ಬಿಯ ಮುಚ್ಚಳದ ಒಳಗೇ ಅಂಟಿಸಿರುತ್ತೇನೆ. ಕಳೆದ ಮಳೆಗಾಲದಲ್ಲಿ ಪಂಪ್‌ಹೌಸಿನ ಕಾರ್ಡು ಕೈಕೊಟ್ಟಾಗ ಅಪ್ಪ ಫೋನಿನಲ್ಲಿ ಕೇಳಿದ್ದು ಒಂದೇ ಮಾತು: ‘ಮುಚ್ಚಳದಲ್ಲಿರುವುದನ್ನು ಹಾಕಲೇ?’